ಹಸು ಕೇಳದ ಪ್ರಶ್ನೆ

ಒಂದು ಸಂಜೆ ಪಕ್ಕದ ಮನೆಯ ಹುಡುಗಿ ಲೆಕ್ಕ ಹೇಳಿಸಿಕೊಳ್ಳಲು ಬಂದು ಬಾಗಿಲಲ್ಲೇ ಕಾದಿದ್ದಳಂತೆ. ನಾನು ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ಹೊರಟುಹೋಗಿದ್ದಳು. ಮಕ್ಕಳಿಗೆ ಬುದ್ಧಿ ಹೇಳುವವಳ ಗತಿ ಇದು!

ಈ ಚಟಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಚಿಕಿತ್ಸಾಲಯ ತೆರೆಯಿತು. ಕುದುರೆ ಸವಾರಿಯನ್ನು ಮದ್ದಾಗಿ ಬಳಸುವವರೂ ಇದ್ದಾರೆ. ಪೋಲಿಯೊದಿಂದ ಮೊಣಕಾಲ ಕೆಳಗೆ ಸ್ವಾಧೀನ ತಪ್ಪಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಒಲಿಂಪಿಕ್ಸ್‌ನಲ್ಲಿ ಸವಾರಿಗೆ ಬೆಳ್ಳಿ ಪದಕ ಗೆದ್ದ ಮೇಲೆ ಆ ಪದ್ಧತಿಗೆ ಹೆಸರು ಬಂತು. ನಮ್ಮ ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ ಕುದುರೆ ಎಲ್ಲಿಂದ ತರುವುದು? ಹಸುವಿದೆ.

ಕಾಲು ಮುರಿದುಕೊಂಡಿದ್ದ ಅಜ್ಜಿಯೊಬ್ಬರ ಹಸುವಿಗೆ ದಿನಾ ಸಂಜೆ ಹುಲ್ಲು, ನೀರು ಹಾಕತೊಡಗಿದೆ. ಮೊಬೈಲು ಮನೆಯಲ್ಲೇ. ಮೈ ತಿಕ್ಕುವಾಗ ಗಮನ ತಪ್ಪಿದರೆ ಹಸು ಕಾಲು ಝಾಡಿಸುತ್ತಿತ್ತು. ತಿಂಗಳೊಳಗೆ ಚಟ ಇಳಿಯಿತು.

ಆಮೇಲೆ ಮನಸ್ಸು ಕೊರೆಯತೊಡಗಿತು: ನನ್ನ ರೋಗಕ್ಕೆ ಮದ್ದೆಂದು ಮಾಡಿದ್ದು ಸೇವೆ ಹೇಗಾದೀತು? ಅಜ್ಜಿಗೆ ಹೇಳಿಯೇಬಿಟ್ಟೆ.

"ನೀವ್ಯಾಕ್ ಬಂದ್ರಿ ಅಂತ ಹಸ ಕೇಳ್ತೈತಾ ಟೀಚರಮ್ಮ? ನಾಳೀಕೆ ಬತ್ತೀರೋ ಇಲ್ವೋ, ಅದನ್ನೇಳಿ" ಎಂದರು.

ಸ್ವಾರ್ಥಕ್ಕೆ ಹೊರಟದ್ದು ತಪ್ಪಲ್ಲವೇನೋ. ಗುಣವಾದೊಡನೆ ಬಿಟ್ಟರೆ ಮಾತ್ರ ಹಸುವನ್ನೂ ಅಜ್ಜಿಯನ್ನೂ ಮಾತ್ರೆಯಂತೆ ನುಂಗಿದ ಹಾಗೆ. ನನ್ನ ಚಟ ಇಳಿದರೂ ಹಸುವಿನ ಹಸಿವು ಇಳಿಯುವುದಿಲ್ಲವಲ್ಲ. ಈ ಸಂಜೆಯೂ ಹೋಗಬೇಕು.