ಉಂಡ ಊರಿನ ಋಣ

ಹೊಟ್ಟೆಯ ಪಾಡಿಗಾಗಿ ಹುಟ್ಟಿದೂರನ್ನು ಬಿಟ್ಟು ಪರಸ್ಥಳದಲ್ಲಿ ನೆಲಸುವುದು ಮನುಷ್ಯನಿಗೆ ಹೊಸತಲ್ಲ. ಮಳೆ ಕೈಕೊಟ್ಟಾಗ, ಹೊಲ ಪಾಲಾಗಿ ಸಣ್ಣದಾದಾಗ, ಓದಿದ ಮಗನಿಗೆ ಊರಿನಲ್ಲಿ ಉದ್ಯೋಗ ದೊರೆಯದಾದಾಗ ನಮ್ಮ ಕಡೆಯ ಜನ ಮುಂಬಯಿ, ಪುಣೆ, ಗೋವೆಗಳ ದಾರಿ ಹಿಡಿದಿದ್ದಾರೆ. ಹಾಗೆ ಹೋದವನು ಆ ಊರಿಗೆ ಏನನ್ನು ಸಲ್ಲಿಸಬೇಕು? ದುಡಿದು ಸಂಬಳ ಪಡೆದ ಮೇಲೆ ಲೆಕ್ಕ ಮುಗಿಯಿತೆ? ಅಥವಾ ಲೆಕ್ಕಕ್ಕೆ ಸಿಗದ ಋಣವೊಂದು ಉಳಿಯುತ್ತದೆಯೆ? ಇದು ಕೇವಲ ವ್ಯವಹಾರದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಈ ವಿಚಾರ ನಮ್ಮಲ್ಲಿ ಮೂಡಲು ಸದ್ಭಕ್ತರೊಬ್ಬರು ಕಾರಣರು. ಅವರು ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. ಮುಂಬಯಿಯಲ್ಲಿ ಮೂವತ್ತು ವರ್ಷ ನೌಕರಿ ಮಾಡಿ ನಿವೃತ್ತರಾಗಿ ದರ್ಶನಕ್ಕೆ ಬಂದಿದ್ದರು. “ಇನ್ನೇನು, ಮುಂಬಯಿಯೇ ನಿಮ್ಮ ಊರಾಯಿತಲ್ಲ” ಎಂದು ನಾವು ನಗುತ್ತ ನುಡಿದಾಗ ಅವರು ತಲೆ ತಗ್ಗಿಸಿದರು. “ಇಲ್ಲರೀ ಅಪ್ಪಾರ, ಅದನ್ನ ನಮ್ಮ ಊರು ಅನ್ನಾಕ ನನಗ ಬಾಯಿ ಬರೂದಿಲ್ಲ” ಎಂದು ಒಂದು ಸಂಗತಿಯನ್ನು ಹೇಳಿದರು.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ರೈಲುಗಳು ನಿಂತುಹೋದವು. ಈ ಭಕ್ತರು ರಾತ್ರಿಯನ್ನು ಕಚೇರಿಯಲ್ಲಿಯೇ ಕಳೆಯಬೇಕಾಯಿತು. ಇತ್ತ ನೆಲ ಅಂತಸ್ತಿನ ಇವರ ಮನೆಗೆ ನೀರು ನುಗ್ಗಿತು. ಮೇಲಂತಸ್ತಿನ ಮರಾಠಿ ಗೃಹಸ್ಥರು ಇವರ ಪತ್ನಿಯನ್ನೂ ಮಕ್ಕಳನ್ನೂ ತಮ್ಮ ಮನೆಗೆ ಕರೆದೊಯ್ದು ಮೂರು ದಿನ ಉಣಿಸಿ ಕಾಪಾಡಿದರು. ಕೆಲವು ವರ್ಷಗಳ ತರುವಾಯ ಆ ಗೃಹಸ್ಥರ ತಾಯಿ ತೀರಿಕೊಂಡರು. ಅಂದೇ ಇವರ ಸಂಘದ ವಾರ್ಷಿಕೋತ್ಸವ. ಇವರು ಅದರ ಪದಾಧಿಕಾರಿ. ಸಂಜೆ ಬಂದು ಕಂಡರಾಯಿತೆಂದು ಹೋದರು. ಮರಳುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಹೆಗಲು ಕೊಡಾಕ ಬರ್ತಾನಂತ ನನ್ನ ಹಾದಿ ನೋಡಿದ್ರಂತರೀ. ಆಮ್ಯಾಲ ನನಗ ಒಂದ ಮಾತೂ ಅನ್ನಲಿಲ್ಲ” ಎಂದು ಭಕ್ತರು ಕಣ್ಣೊರಸಿಕೊಂಡರು.

ಹಾಗಾದರೆ ತಪ್ಪು ಸಂಘದ್ದೆ? ಎಂದಿಗೂ ಅಲ್ಲ. ಪರಸ್ಥಳದಲ್ಲಿ ಸಂಘವೆಂಬುದು ತಾಯಿಯ ಮಡಿಲು. ಮುಂಬಯಿಯಲ್ಲಿ 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿಕೊಂಡವು. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರಸಿದ ಹುಡುಗರು ಕನ್ನಡದ ರಾತ್ರಿಶಾಲೆಗಳಲ್ಲಿ ಕುಳಿತು ಓದಿ ಮೇಲೆ ಬಂದರು. ಆ ಆಸರೆ ಇಲ್ಲದಿದ್ದರೆ ಎಷ್ಟೋ ಎಳೆಯ ಜೀವಗಳು ಆ ಜನಸಾಗರದಲ್ಲಿ ಕಾಣೆಯಾಗುತ್ತಿದ್ದವು. ಆದರೆ ಸಂಘವು ಹೊಸ್ತಿಲಿನಂತೆ. ಹೊಸ್ತಿಲ ಮೇಲೆ ಕೂಡಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಅದು ದಾಟುವುದಕ್ಕಾಗಿ ಇರುವುದು. ನಮ್ಮವರ ನಡುವೆಯೇ ಉಂಡು, ನಮ್ಮವರನ್ನೇ ಸನ್ಮಾನಿಸಿ ಮರಳುವವನು ಹಳೆಯ ಊರಿನಲ್ಲಿಯೂ ಇಲ್ಲ, ಹೊಸ ಊರಿನಲ್ಲಿಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು: ನಮ್ಮನ್ನು ಪರಕೀಯರೆನ್ನುವ ಊರಿಗೆ ನಾವೇಕೆ ಋಣಿಗಳು? ಈ ಮಾತಿನಲ್ಲಿ ನೋವಿದೆ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳಿಗೆ 1956ರವರೆಗೆ ಮುಂಬಯಿಯೇ ರಾಜಧಾನಿಯಾಗಿತ್ತು. ಆ ವರ್ಷದ ನವೆಂಬರ್ 1ರಂದು ಗಡಿ ಸರಿಯಿತು. ತಾವಿದ್ದ ಖೋಲಿಯಿಂದ ಕದಲದವರೂ ಪರರಾಜ್ಯದವರಾದರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದು ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಇದನ್ನು ಮರೆಯಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಲ್ಲೆಸೆದವನೂ ಅದೇ ಊರಿನವನು, ಪ್ರವಾಹದ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲೇರಿದವನೂ ಅದೇ ಊರಿನವನು. ಒಬ್ಬನ ಅಪರಾಧವು ಇನ್ನೊಬ್ಬನ ಋಣವನ್ನು ತೀರಿಸಲಾರದು. ಊರೆಂಬ ಹೆಸರಿಗೆ ಮುಖವಿಲ್ಲ, ನೆರೆಯವನಿಗೆ ಮುಖವಿದೆ. ನಾವು ಋಣಿಗಳಾಗಿರುವುದು ಆ ಮುಖಕ್ಕೆ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಬಸವಣ್ಣನವರು ಬಾಗೇವಾಡಿಯವರು, ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕಮಹಾದೇವಿ ಉಡುತಡಿಯವಳು, ಸಿದ್ಧರಾಮರು ಸೊನ್ನಲಿಗೆಯವರು. ಕಲ್ಯಾಣವನ್ನು ಕಲ್ಯಾಣವಾಗಿಸಿದವರಲ್ಲಿ ಅನೇಕರು ಹೊರಗಿನಿಂದ ಬಂದವರೇ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆ ಮಾರುವ ಕಾಯಕ ಹಿಡಿದರೆಂದು ಶರಣಚರಿತ್ರೆಗಳು ಹೇಳುತ್ತವೆ. ತಾನು ಬಂದ ಊರಿನ ಒಲೆಗಳು ಉರಿಯಲೆಂದು ಸೌದೆ ಹೊರುವುದಕ್ಕಿಂತ ದೊಡ್ಡ ಪೌರತ್ವ ಯಾವುದಿದೆ? ಕಾಯಕವು ಹೊಟ್ಟೆಯನ್ನು ತುಂಬಿಸುತ್ತದೆ. ಅದು ದಾಸೋಹವಾದಾಗ ಊರು ನಮ್ಮದಾಗುತ್ತದೆ.

ಇದೇ ಅಳತೆಗೋಲನ್ನು ನಮ್ಮ ಕಡೆಗೂ ತಿರುಗಿಸಬೇಕು. 2012ರ ಆಗಸ್ಟ್ ತಿಂಗಳಲ್ಲಿ ವದಂತಿಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಇಂದು ನಮ್ಮ ಕಟ್ಟಡಗಳನ್ನು ಕಟ್ಟುವವರಲ್ಲಿ ಬಿಹಾರ, ಒಡಿಶಾಗಳಿಂದ ಬಂದವರು ಬಹಳ. ಅವರಿಗೆ ನಾವು ಕನ್ನಡವನ್ನು ಪ್ರೀತಿಯಿಂದ ಕಲಿಸಿದ್ದೇವೆಯೆ? ಅವರ ಮಗು ಜ್ವರದಿಂದ ಮಲಗಿದಾಗ ವಿಚಾರಿಸಿದ್ದೇವೆಯೆ? ಅಲ್ಲಿ ಪರಕೀಯನೆನಿಸಿಕೊಂಡು ನೊಂದವನು ಇಲ್ಲಿ ಇನ್ನೊಬ್ಬನನ್ನು ಪರಕೀಯನೆಂದರೆ ಅವನ ನೋವು ಅವನಿಗೆ ಏನನ್ನೂ ಕಲಿಸಲಿಲ್ಲವೆಂದೇ ಅರ್ಥ.

ಪರಸ್ಥಳದಲ್ಲಿರುವ ಭಕ್ತರು ಮನೆಯಲ್ಲಿ ಕನ್ನಡವನ್ನು ಬಿಡಬಾರದು; ಬೀದಿಯಲ್ಲಿ ಆ ನಾಡಿನ ಭಾಷೆಯನ್ನು ಕಲಿಯದೆಯೂ ಇರಬಾರದು. ಹೆತ್ತ ತಾಯಿಯನ್ನು ಪ್ರೀತಿಸುವವನಿಗೆ ನೆರೆಮನೆಯ ತಾಯಿಯನ್ನು ಗೌರವಿಸುವುದು ಭಾರವಾಗದು. ವಠಾರದ ನೀರಿನ ತಂಟೆ, ಶಾಲೆಯ ಪಾಲಕರ ಸಭೆ, ನೆರೆಯವರ ಮದುವೆ ಮತ್ತು ಮರಣ ಇವೆಲ್ಲ ನಮ್ಮವೇ ಎಂದು ಬಗೆಯಬೇಕು.

ಆ ಭಕ್ತರು ಮನೆ ಮಾರಿ ಹಳ್ಳಿಗೆ ಮರಳುವ ವಿಚಾರದಲ್ಲಿದ್ದರು. “ಬರುವುದಾದರೆ ಬನ್ನಿರಿ, ಆದರೆ ಬರುವ ಮುನ್ನ ಒಮ್ಮೆ ಮೇಲಂತಸ್ತಿನ ಮೆಟ್ಟಿಲೇರಿ, ಅಂದು ಬರಲಿಲ್ಲ, ತಪ್ಪಾಯಿತು ಎಂದು ಹೇಳಿ ಬನ್ನಿರಿ” ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಮರಾಠಿಯೊಳಗ ಹೇಳ್ತೀನ್ರೀ ಅಪ್ಪಾರ” ಎಂದರು.