ಕೇಳದೆ ಪಡೆದ ಸಾಲ

ಸಾಲವೆಂದರೆ ಕೊಟ್ಟವನೊಬ್ಬ, ಪಡೆದವನೊಬ್ಬ, ನಡುವೆ ಒಂದು ಮಾತು. ನಮ್ಮ ಹಿರಿಯರು ಮಾತಿಲ್ಲದ ಸಾಲಗಳನ್ನೂ ಒಪ್ಪಿದ್ದರು: ದೇವಋಣ, ಋಷಿಋಣ, ಪಿತೃಋಣ. ಅವೆಲ್ಲ ಒಲಿದು ಕೊಟ್ಟವರಿಗೆ ಸಲ್ಲತಕ್ಕವು. ಒಲಿಯದವರಿಂದ ಕಸಿದು ತಂದದ್ದನ್ನು ಮೂರನೆಯವನೊಬ್ಬ ಏನೂ ಅರಿಯದೆ ಉಂಡರೆ ಅವನಿಗೂ ಋಣ ತಗಲುತ್ತದೆಯೆ? ಈ ಪ್ರಶ್ನೆ ನಮಗೆ ಗಂಟುಬಿದ್ದದ್ದು ಲೋಣಾವಳದ ಮಳೆಯಲ್ಲಿ.

ಆಷಾಢದ ಒಂದು ಭಾನುವಾರ ಮುಂಬಯಿಯಿಂದ ಬೆಳಗಿನ ಗಾಡಿ ಹಿಡಿದು ಘಟ್ಟವೇರಿದ್ದೆವು. ಜೊತೆಗಿದ್ದ ಮಿತ್ರರು ಅಫಜಲಪುರ ತಾಲೂಕಿನವರು, ಭೀಮೆಯ ದಂಡೆಯವರು. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದರೂ ಅವರ ಮಾತಿನಿಂದ ಜೋಳದ ಹೊಲದ ವಾಸನೆ ಹೋಗಿಲ್ಲ. ವಲವಣದ ಕೆರೆ ನೋಡಿಕೊಂಡು ತುಂಗಾರ್ಲಿಯ ಗುಡ್ಡದ ಕೆರೆಯತ್ತ ನಡೆದೆವು. ಕೊಡೆಗಳು ಎರಡನೆಯ ಗಾಳಿಗೇ ತಿರುವುಮುರುವಾದವು. ಆಮೇಲೆ ಅವನ್ನು ಊರುಗೋಲು ಮಾಡಿಕೊಂಡೆವು. ಗೋಣಿಯ ಕೊಪ್ಪೆ ಹಾಕಿಕೊಂಡ ಹುಡುಗನೊಬ್ಬ ಕೆಂಡದ ಮೇಲೆ ಮೆಕ್ಕೆಜೋಳದ ತೆನೆ ಸುಡುತ್ತಿದ್ದ. ಮಂಜು ಒಮ್ಮೆ ಕವಿಯಿತೆಂದರೆ ಎದುರಿಗಿದ್ದ ಮನುಷ್ಯನೂ ಕಾಣ. ಸರಿದರೆ, ಎಲ್ಲಿಂದ ಎಲ್ಲಿಯವರೆಗೂ ನೀರು. ಮಳೆಯ ಹನಿ ಬಿದ್ದು ಅದರ ಮೈಯೆಲ್ಲ ಮುಳ್ಳೆದ್ದಿತ್ತು. ವರ್ಷಕ್ಕೆ ನಾಲ್ಕು ಮೀಟರಿಗೂ ಮಿಕ್ಕಿ ಮಳೆ ಬೀಳುವ ಜಾಗ ಇದು.

ಮಿತ್ರರು ಬಹಳ ಹೊತ್ತು ಸುಮ್ಮನೆ ನಿಂತಿದ್ದು, "ಈ ನೀರು ನಮ್ಮ ಊರಿಗಿ ಬರಬೇಕಾದದ್ದು ನೋಡ್ರಿ" ಎಂದರು.

ತಮಾಷೆಯೆಂದುಕೊಂಡೆವು. ಅಲ್ಲ. ಇಲ್ಲಿನ ಮಳೆನೀರು ಹುಟ್ಟಾ ಪೂರ್ವದ ಕಡೆಯದು. ಇಂದ್ರಾಯಣಿಯಾಗಿ ತುಕಾರಾಮರ ದೇಹು, ಜ್ಞಾನೇಶ್ವರರ ಆಳಂದಿ ದಾಟಿ, ಭೀಮೆಯನ್ನು ಕೂಡಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಗಾಣಗಾಪುರದ ದತ್ತನ ಕಾಲು ತೊಳೆದು ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರತಕ್ಕದ್ದು. ಆದರೆ ಟಾಟಾ ಕಂಪನಿ ಈ ಘಟ್ಟದ ನೆತ್ತಿಯಲ್ಲಿ ಅಣೆ ಕಟ್ಟಿ, ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಕೊಳವೆಗಳಲ್ಲಿ ಸುಮಾರು 500 ಮೀಟರ್ ಕೆಳಗಿನ ಖೋಪೋಲಿಗೆ ಬೀಳಿಸಿತು. 1915ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಮುಂಬಯಿಯ ಹತ್ತಿ ಗಿರಣಿಗಳನ್ನು ತಿರುಗಿಸಿತು. ಕೆಲಸ ಮುಗಿಸಿದ ನೀರು ಪಾತಾಳಗಂಗೆಯ ಪಾಲು. ಭೀಮೆ ಬೇಸಿಗೆಯಲ್ಲಿ ಬತ್ತುವುದಕ್ಕೆ ಇದೊಂದೇ ಕಾರಣವೆನ್ನಲಾಗದು. ನಡುವೆ ಉಜ್ಜನಿಯ ದೊಡ್ಡ ಅಣೆಕಟ್ಟಿದೆ, ಕಬ್ಬಿನ ಗದ್ದೆಗಳಿವೆ. ಮಿತ್ರರೂ ಅಷ್ಟು ದೂರ ವಾದ ಎಳೆಯಲಿಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ಅದೇ ಸಾಲಿನ ಇನ್ನೊಂದು ಕೆರೆ, ಮುಳಶಿಯದು. ಅಲ್ಲಿ ನೀರಿನ ಅಡಿ ಊರುಗಳಿದ್ದವು, ಭತ್ತದ ಗದ್ದೆಗಳಿದ್ದವು. ಮಾವಳ ರೈತರು 1921ರಲ್ಲಿ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು 'ಸೇನಾಪತಿ'ಯಾದದ್ದು ಆ ಹೋರಾಟದಲ್ಲಿ. ಸೆರೆಮನೆ ಕಂಡದ್ದೂ ಅದಕ್ಕಾಗಿಯೇ. ಪುಣೆಯ ಸಾಹುಕಾರರಿಗೆ ಪರಿಹಾರದ ಹಣ ಸಾಕಾಗಿತ್ತು. ಉಳುವವನಿಗೆ ನೆಲವೇ ಬೇಕಾಗಿತ್ತು. ಸತ್ಯಾಗ್ರಹ ಸೋತಿತು. 1927ರಲ್ಲಿ ಭಿರಾದ ವಿದ್ಯುದಾಗಾರ ತಿರುಗತೊಡಗಿತು.

ಇಷ್ಟಾದ ಮೇಲೆ ಮುಂಬಯಿಗೆ ಬಂದವರು ನಾವು. ಟ್ರಂಕೊಂದನ್ನು ಹೊತ್ತು ಬಂದವರು. ಗಿರಣಿಯ ಷೇರು ನಮ್ಮ ತಾತ ಬಿಟ್ಟುಹೋದದ್ದಲ್ಲ. ಆದರೂ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಓದಿ, ಗುಮಾಸ್ತರಾಗಿ, ವಕೀಲರಾಗಿ, ಸಂಘಗಳನ್ನು ಕಟ್ಟಿದ ನಮ್ಮವರು ಯಾವ ದೀಪದ ಕೆಳಗೆ ಓದಿದರು? ಇಂದು ಈ ನಗರದ ವಿದ್ಯುತ್ತಿನಲ್ಲಿ ಕೆರೆಗಳ ಪಾಲು ಚಿಕ್ಕದು, ನಿಜ. ಊರು ಬೆಳೆದ ಬುಡ ಮಾತ್ರ ಅಲ್ಲಿದೆ.

"ತಿಂಗಳ ತಿಂಗಳ ಬಿಲ್ ಕಟ್ಟೀವಲ್ರಿ, ಮತ್ತೇನ ಬಾಕಿ?" ಎಂದರು ಮಿತ್ರರು. ಬಿಲ್ಲಿನಲ್ಲಿ ತಂತಿಯ, ಯಂತ್ರದ ಬೆಲೆ ಇದೆ. ಮುಳುಗಿದ ಗದ್ದೆಯ ಬೆಲೆ ಬರೆದದ್ದನ್ನು ನಾವು ಕಂಡಿಲ್ಲ. ತಪ್ಪು ಬೇರೆ, ಋಣ ಬೇರೆ. ತಪ್ಪು ಮಾಡಿದವನೊಡನೆಯೇ ಸಾಯುತ್ತದೆ. ಋಣ ಹಾಗಲ್ಲ, ಆಸ್ತಿ ಪಡೆದ ಮಗ ತಂದೆಯ ಸಾಲವನ್ನೂ ಹೊರಬೇಕೆಂಬುದು ನಮ್ಮ ಧರ್ಮಶಾಸ್ತ್ರ ಬಲ್ಲ ಮಾತು. ನಗರವೆಂಬ ಆಸ್ತಿಯನ್ನು ನಾವು ಬಾಯಿ ಮುಚ್ಚಿ ಪಡೆದಿದ್ದೇವೆ.

ತೀರಿಸುವುದು ಯಾರಿಗೆ ಎಂಬ ತೊಡಕು ಉಳಿಯುತ್ತದೆ. ಮುಳಶಿಯಲ್ಲಿ ಎದುರು ನಿಂತವರು ಸತ್ತು ಹಲವು ಕಾಲವಾಯಿತು. ಎಲ್ಲ ಕಡೆಯೂ ಹಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿ ಕನ್ನಡನಾಡಿಗೆ ಬೆಳಕಾಯಿತು. ಶರಾವತಿಯ ಮುಳುಗಡೆಯವರ ಮಕ್ಕಳು, ಮೊಮ್ಮಕ್ಕಳು ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ಭೀಮೆಯ ನೀರು ಹೋಯಿತೆಂದು ಮರುಗುವ ನಾವು ಈ ಸಾಲಗಾರರ ಪಟ್ಟಿಯಲ್ಲೂ ಇದ್ದೇವಲ್ಲ! ಇಲ್ಲಿ ಸಾಲ ಕೊಟ್ಟವರ ವಿಳಾಸವೂ ಗೊತ್ತು, ಕೇಳುತ್ತಿರುವುದೇನೆಂದೂ ಗೊತ್ತು. ಋಣ ಒಪ್ಪುವವನು ಇಲ್ಲಿಂದ ಆರಂಭಿಸಬಹುದು.

ಮಿತ್ರರು ಇನ್ನೂ ಒಪ್ಪಿಲ್ಲ. ಅವರ ತಕರಾರು ನಮ್ಮ ಲೆಕ್ಕಕ್ಕಲ್ಲ, ನಮ್ಮ ಶಬ್ದಕ್ಕೆ. "ಸಾಲ ಅಂದ್ರ ಅದಕ್ಕೊಂದು ಮರ್ಯಾದಿ ಬರ್ತದ್ರಿ. ಕಸಗೊಂಡದ್ದಕ್ಕ ಕಸಗೊಂಡದ್ದು ಅಂತನ ಅನ್ರಿ" ಎನ್ನುತ್ತಾರೆ. ಇದಕ್ಕೆ ಒಪ್ಪುವ ಉತ್ತರ ನಮಗಿನ್ನೂ ಹೊಳೆದಿಲ್ಲ.