ಎರಡನೇ ಆಪ್ಷನ್

ಹೋದ ವರ್ಷ ಮಳೆ ಹಿಡಿದ ಮೇಲೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಹಿರೋಳ್ಳಿ. ಆಳಂದ ತಾಲ್ಲೂಕಿನ ಅಂಚಿನ ಊರು, ವಾಗ್ದರಿ ದಾರಿ ಹಿಡಿದರೆ ಮಹಾರಾಷ್ಟ್ರ ಬಂದೇ ಬಿಡ್ತದೆ. ಹೊಲಕ್ಕೆ ಹೋದರೆ ಮೊಬೈಲು ಒಮ್ಮೊಮ್ಮೆ ಆಚೆ ಟವರ್ ಹಿಡಿದು ಮಹಾರಾಷ್ಟ್ರಕ್ಕೆ ಸ್ವಾಗತ ಅಂತ ಮೆಸೇಜು ಕಳಿಸೋದೂ ಉಂಟು.

ಅಕ್ಕನ ಮಗಳು ನೀಟ್ ಬರೆದಿದ್ದಳು, ಎರಡನೇ ಸಲ. ಮಾರ್ಕ್ಸು ತೀರಾ ಕಡಿಮೆಯೂ ಅಲ್ಲ, ಧೈರ್ಯವಾಗಿ ಕೂರುವಷ್ಟು ಹೆಚ್ಚೂ ಅಲ್ಲ. 371(ಜೆ) ಪ್ರಮಾಣಪತ್ರ ಇದೆ. ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನಮ್ಮವರಿಗೆ ಶೇಕಡಾ 70 ಸೀಟು ಮೀಸಲು. ಹಾಗಾಗಿ ಕಲಬುರಗಿಯ ಜಿಮ್ಸ್ ಸಿಕ್ಕರೂ ಸಿಗಬಹುದು, ಕೈ ತಪ್ಪಿದರೂ ತಪ್ಪಬಹುದು. ಮನೆಯಲ್ಲಿ ಕಂಪ್ಯೂಟರ್ ಓದಿದವನು ನಾನೊಬ್ಬನೇ ಆದ್ದರಿಂದ ಕೆಇಎ ಆಪ್ಷನ್ ಎಂಟ್ರಿ ಮಾಡೋ ಕೆಲಸ ನನ್ನ ತಲೆಗೇ ಬಂತು.

ರಾತ್ರಿ ಊಟ ಆದ ಮೇಲೆ ಅವಳು ಒಂದು ನೋಟ್‌ಬುಕ್ ತಂದು ಮುಂದೆ ಇಟ್ಟಳು. ಒಂದು ಪುಟದಲ್ಲಿ ಎಂಬಿಬಿಎಸ್ ಕಾಲೇಜುಗಳು. ತಿರುವಿದರೆ ಬಿಎಎಂಎಸ್, ಅದರ ಕೆಳಗೆ ಬಿಎಚ್‌ಎಂಎಸ್. ಅಲೋಪಥಿ, ಆಯುರ್ವೇದ, ಹೋಮಿಯೋಪಥಿ ಮೂರೂ ಸಾಲಾಗಿ ಕೂತಿದ್ದವು.

“ಎಲ್ಲಾ ಹಾಕಿ ಬಿಡು ಮಾಮಾ. ಯಾವ್ದು ಸಿಗ್ತದೋ ಅದು.”

ನಾನು ಸುಮ್ಮನೆ ಟೈಪ್ ಮಾಡಬೇಕಿತ್ತು. ಬಾಯಿ ತಡೀಲಿಲ್ಲ. “ಆಯುರ್ವೇದದ ಮ್ಯಾಲ ನಿನಗ ನಂಬಿಕಿ ಅದನು?” ಅಂದೆ.

ಅವಳು ನನ್ನ ಮುಖ ನೋಡಿದಳು. “ನೀ ಬಿಇ ಮಾಡಿದ್ದು ನಂಬಿಕಿ ಇಟ್ಕೊಂಡೇನು?”

ಅಕ್ಕ ಒಳಗಿನಿಂದಲೇ ನಕ್ಕಳು. ನನಗೆ ಉತ್ತರ ಹೊಳೀಲಿಲ್ಲ.

ಅವಳು ಹೇಳಿದ್ದು ಸುಳ್ಳಲ್ಲ. ನನಗೂ ಡಾಕ್ಟರ್ ಆಗೋ ಆಸೆ ಇತ್ತು. ಆಗಿನ ಸಿಇಟಿಯಲ್ಲಿ ಜೀವಶಾಸ್ತ್ರವನ್ನೂ ಬರೆದೆ, ಗಣಿತವನ್ನೂ ಬರೆದೆ. ಅಪ್ಪನ ಜೋಡಿ ಬೆಂಗಳೂರಿಗೆ ಕೌನ್ಸೆಲಿಂಗ್‌ಗೆ ಹೋದೆ, ಮೆಡಿಕಲ್ ಸೀಟು ನನ್ನ ರ‍್ಯಾಂಕಿಗೆ ಬರುವ ಮೊದಲೇ ಮುಗಿದಿತ್ತು. ಕಂಪ್ಯೂಟರ್ ಸೈನ್ಸ್ ಬರೆಸಿಕೊಂಡು ರಾತ್ರಿ ಬಸ್ಸಿಗೆ ವಾಪಸ್ ಬಂದ್ವಿ. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಎರಡನೇ ಆಪ್ಷನ್ನಿನಿಂದಲೇ ಮನೆ ಕಟ್ಟಿದ್ದೀನಿ, ತಂಗಿ ಮದುವೆ ಮಾಡಿದ್ದೀನಿ. ಹಾಗಿದ್ದವನು ಅವಳಿಗೆ ನಂಬಿಕೆಯ ಪಾಠ ಹೇಳೋದು ಸರಿಯಾ?

ಆ ರಾತ್ರಿ ಅಂಗಳದಾಗ ಮಲಗಿದಾಗ ಈ ಪ್ರಶ್ನೆ ಬಿಡಲಿಲ್ಲ. ಎರಡು ಬೇರೆ ಬೇರೆ ವೈದ್ಯ ಪದ್ಧತಿಗಳಿಗೆ ಒಟ್ಟಿಗೇ ಅರ್ಜಿ ಹಾಕೋದು ತಪ್ಪಾ? ಒಂದು ನಿಜ ಅಂತ ನಂಬಿದವನು ಇನ್ನೊಂದನ್ನೂ ಬೇಡುವುದು ಅಪ್ರಾಮಾಣಿಕತೆಯಾ?

ನಮ್ಮ ಟೀಮಿನಲ್ಲಿ ಅಮೆರಿಕದಲ್ಲಿ ನೆಲೆಸಿದ ಕನ್ನಡದವರೊಬ್ಬರಿದ್ದಾರೆ. ಅವರ ಮಗನೂ ಮೆಡಿಕಲ್ ಸ್ಕೂಲಿಗೆ ಎರಡೂ ಕಡೆ ಅರ್ಜಿ ಹಾಕಿದ್ದ, ಎಂಡಿಗೂ ಡಿಒಗೂ. ಡಿಒ ಅಂದರೆ ಆಸ್ಟಿಯೋಪಥಿ ಪರಂಪರೆಯ ಡಾಕ್ಟರು. ಇದನ್ನು ಶುರು ಮಾಡಿದವನು ಆಂಡ್ರ್ಯೂ ಟೇಲರ್ ಸ್ಟಿಲ್. ತಾನೇ ಡಾಕ್ಟರ್ ಆಗಿದ್ದರೂ 1864ರಲ್ಲಿ ಮೆದುಳು ಜ್ವರಕ್ಕೆ ಮೂರು ಮಕ್ಕಳನ್ನು ಕಳಕೊಂಡ. ಆ ಕಾಲದ ಔಷಧಿಗಳ ಮೇಲೆ ಅವನಿಗೆ ವಿಶ್ವಾಸ ಹೋಯ್ತು. ಎಲುಬು, ಸ್ನಾಯುಗಳನ್ನು ಕೈಯಿಂದ ಸರಿಪಡಿಸಿದರೆ ದೇಹ ತನ್ನನ್ನು ತಾನೇ ವಾಸಿ ಮಾಡಿಕೊಳ್ತದೆ ಅನ್ನೋ ವಿಚಾರದ ಮೇಲೆ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಊರಿನಲ್ಲಿ ಶಾಲೆ ತೆಗೆದ.

ಆಗ ಎಂಡಿಗಳು ಅವರನ್ನು ಹತ್ತಿರ ಸೇರಿಸ್ತಿರಲಿಲ್ಲ. ಕಾಲ ಹೋದಂಗೆ ಡಿಒ ಕಾಲೇಜುಗಳೂ ಔಷಧಿ, ಶಸ್ತ್ರಚಿಕಿತ್ಸೆ ಎಲ್ಲಾ ಕಲಿಸತೊಡಗಿದವು. 1962ರಲ್ಲಂತೂ ಕ್ಯಾಲಿಫೋರ್ನಿಯಾದಲ್ಲಿ 65 ಡಾಲರ್ ಕಟ್ಟಿದ ಡಿಒಗಳಿಗೆ ಎಂಡಿ ಪದವಿಯನ್ನೇ ಕೊಟ್ಟುಬಿಟ್ಟರು. 2020ಕ್ಕೆ ಇಬ್ಬರ ರೆಸಿಡೆನ್ಸಿ ತರಬೇತಿಯೂ ಒಂದೇ ವ್ಯವಸ್ಥೆಯಡಿ ಬಂತು. ಇವತ್ತು ಅಲ್ಲಿ ಇಬ್ಬರೂ ಬರೆಯೋ ಔಷಧಿ ಒಂದೇ, ಮಾಡೋ ಆಪರೇಷನ್ ಒಂದೇ. ಎರಡು ಬಾಗಿಲು, ಒಳಗೆ ಒಂದೇ ಮನೆ. ಆ ಹುಡುಗ ಎರಡೂ ಬಾಗಿಲು ಬಡಿದರೆ ಯಾರಿಗೂ ಮೋಸ ಇಲ್ಲ.

ನಮ್ಮಲ್ಲಿ ಹಾಗಿಲ್ಲ. ಹೊರಗಿಂದ ಎಲ್ಲಾ ಒಂದೇ ಥರ ಕಾಣ್ತದೆ. ನೀಟ್ ಒಂದೇ, ಇಂಟರ್ನ್‌ಶಿಪ್ ಸೇರಿ ಎರಡಕ್ಕೂ ಐದೂವರೆ ವರ್ಷ, ಬಿಳಿ ಕೋಟು ಅದೇ, ಸ್ಟೆತಾಸ್ಕೋಪು ಅದೇ, ಹೆಸರಿನ ಹಿಂದೆ ಡಾ. ಕೂಡ ಅದೇ. ಒಳಗೆ ಮಾತ್ರ ಎರಡು ಮನೆ. ಎಂಬಿಬಿಎಸ್‌ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ಆಯುರ್ವೇದಕ್ಕೆ ಭಾರತೀಯ ವೈದ್ಯ ಪದ್ಧತಿಗಳ ರಾಷ್ಟ್ರೀಯ ಆಯೋಗ. ಕಾನೂನು, ರಿಜಿಸ್ಟರು ಎಲ್ಲಾ ಬೇರೆ. 1996ರ ಪೂನಂ ವರ್ಮಾ ಪ್ರಕರಣದಲ್ಲಿ, ಹೋಮಿಯೋಪಥಿ ಓದಿದ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧಿ ಕೊಟ್ಟಿದ್ದರು, ರೋಗಿ ತೀರಿಕೊಂಡಿದ್ದ. ಓದದೇ ಇರುವ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟದ್ದೇ ನಿರ್ಲಕ್ಷ್ಯ ಅಂತ ಸುಪ್ರೀಂ ಕೋರ್ಟು ಹೇಳಿತು. ಭಾರತೀಯ ಪದ್ಧತಿ ಓದಿದವರು ಅಲೋಪಥಿ ಔಷಧಿ ಕೊಡಬೇಕಾದರೆ ಆಯಾ ರಾಜ್ಯದ ಕಾನೂನು ಅದಕ್ಕೆ ಅವಕಾಶ ಕೊಟ್ಟಿರಬೇಕು ಅಂತ 1998ರ ಇನ್ನೊಂದು ತೀರ್ಪು ಬಂತು.

ಕೋರ್ಟಿನ ಮಾತು ಪುಸ್ತಕದಲ್ಲಿ ಇರ್ತದೆ. ಊರಿನ ಮಾತು ಬೇರೆ. ನಮ್ಮಜ್ಜಿಯ ಕತೆ ಹೇಳ್ತೀನಿ, ಕೇಳ್ರಿ.

ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಅಜ್ಜಿಗೆ ಜ್ವರ ಬಂತು. ನಮ್ಮ ಕಡೆ ಬಂದು ಹೋಗಿ ಮಾಡ್ತಿದ್ದ ಒಬ್ಬ ಡಾಕ್ಟರ್ ಇದ್ದರು. ಊರಿನ ಹೆಸರು, ಅವರ ಹೆಸರು ಎರಡೂ ಹೇಳಲ್ಲ. ಸೂಜಿ ಮಾಡಿದರು, ಸಲಾಯಿನ್ ಏರಿಸಿದರು. ಮರುದಿನ ಮತ್ತೆ ಸೂಜಿ, ಮತ್ತೆ ಸಲಾಯಿನ್. “ನಾಳಿಗಿ ಇಳೀತದ” ಅಂದರು. ಮೂರನೇ ದಿನ ಅಜ್ಜಿಗೆ ಉಸಿರು ಹತ್ತಿತು. ಜೀಪು ಮಾಡಿಕೊಂಡು ಅಕ್ಕಲಕೋಟ ಹಾಯ್ದು ಸೊಲ್ಲಾಪುರಕ್ಕೆ ಒಯ್ದರು. ನಮ್ಮ ಕಡೆಯವರಿಗೆ ದೊಡ್ಡ ಬ್ಯಾನಿ ಅಂದರೆ ಮೊದಲಿಂದಲೂ ಸೊಲ್ಲಾಪುರವೇ. ನ್ಯುಮೋನಿಯಾ, ಎರಡು ದಿನ ಮೊದಲೇ ತರಬೇಕಿತ್ತು ಅಂದರು. ನಾನು ಬಂದು ಮುಟ್ಟುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಆಮೇಲೊಮ್ಮೆ ಆ ಡಾಕ್ಟರ ಬೋರ್ಡು ನಿಂತು ಓದಿದೆ. ಅಷ್ಟು ವರ್ಷ ನಮ್ಮಲ್ಲಿ ಯಾರೂ ಓದಿರಲಿಲ್ಲ. ಹೆಸರಿನ ಮುಂದಿದ್ದ ಅಕ್ಷರಗಳು ಎಂಬಿಬಿಎಸ್ ಅಲ್ಲ. ಒಳಗಿನ ಕಪಾಟಿನಲ್ಲಿ ಅವರು ಓದಿದ ಪದ್ಧತಿಯ ಒಂದು ಸೀಸೆಯೂ ಇರಲಿಲ್ಲ.

ಅವರನ್ನು ಖಳನಾಯಕ ಮಾಡೋದು ಸುಲಭ. ಆದರೆ ಅದೇ ಮನುಷ್ಯ ರಾತ್ರಿ ಎರಡು ಗಂಟೆಗೆ ಕರೆದರೂ ಮಳೆಯಲ್ಲಿ ಗಾಡಿ ಹತ್ತಿ ಬರ್ತಿದ್ದರು. ರೊಕ್ಕ ಇಲ್ಲ ಅಂದವರಿಗೆ ತೊಗರಿ ರಾಶಿ ಆದ ಮೇಲೆ ಕೊಡ್ರಿ ಅಂತಿದ್ದರು. ಎಂಬಿಬಿಎಸ್ ಮಾಡಿದವರು ಯಾರೂ ಆ ರಾತ್ರಿಗಳಲ್ಲಿ ಬಂದಿಲ್ಲ. ಅವರು ಒಮ್ಮೆ ಅಪ್ಪನ ಮುಂದೆ ಚಹಾ ಕುಡೀತಾ ಅಂದಿದ್ದರಂತೆ: “ನಾನೂ ಎಂಬಿಬಿಎಸ್ ಆಗ್ಬೇಕಿತ್ತು ಗೌಡ್ರ. ಸ್ವಲ್ಪದಾಗ ಹೋಯ್ತು.”

ಈ ಮಾತು ನನಗೆ ಈಗ ಬೇರೆ ಥರ ಕೇಳಿಸ್ತದೆ. ಕೆಇಎ ಸೀಟು ಹಂಚಿಕೆಯಲ್ಲಿ ಚಾಯ್ಸ್ 2 ಅಂತ ಒಂದಿದೆ. ಸಿಕ್ಕ ಸೀಟನ್ನು ಇಟ್ಕೊಂಡಿರ್ತೀನಿ, ಆದರೆ ಮೇಲಿನದು ಸಿಕ್ಕರೆ ಅಲ್ಲಿಗೆ ಹೋಗ್ತೀನಿ ಅಂತ ಅದರ ಅರ್ಥ. ಮುಂದಿನ ಸುತ್ತಿಗೆ ಅದು ಮುಗೀತದೆ. ಆ ಡಾಕ್ಟರಿಗೆ ಮಾತ್ರ ಮುಗಿಯಲೇ ಇಲ್ಲ. ಸಿಕ್ಕದ್ದನ್ನು ಓದಿ, ಸಿಗದೇ ಇದ್ದದ್ದನ್ನು ಮಾಡ್ತಾ ಉಳಿದರು. ನನ್ನಜ್ಜಿ ಅದರ ನಡುವೆ ಸಿಕ್ಕಿಕೊಂಡಳು.

ಹಾಗಾದರೆ ನಂಬಿಕೆ ಇದ್ದವರೇ ಆಯುರ್ವೇದ ಓದಲಿ ಅನ್ನೋಣವಾ? ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೇ ಹುಡುಗಿಗೆ ಆ ಪ್ರಶ್ನೆ ಕೇಳಿದ್ದು. ಆದರೆ ನಮ್ಮ ಸಂಬಂಧಿಕರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು. ಪೂರಾ ನಂಬಿಕೆ ಇದ್ದ ಒಬ್ಬ ವೈದ್ಯರು ಗುಳಿಗೆ ಎಲ್ಲಾ ಬಿಡಿಸಿ ಕಷಾಯ ಹಚ್ಚಿದರು. ಅವರ ನಂಬಿಕೆಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಕಾಲಿನ ಗಾಯ ಮಾಯಲಿಲ್ಲ, ಎರಡು ಬೆರಳು ತೆಗೆಸಬೇಕಾಯ್ತು. ಒಬ್ಬರಿಗೆ ತಾವು ಓದಿದ್ದರ ಮೇಲೆ ನಂಬಿಕೆ ಇರಲಿಲ್ಲ, ಇನ್ನೊಬ್ಬರಿಗೆ ಅಳತೆ ಮೀರಿ ಇತ್ತು. ತನ್ನ ವಿದ್ಯೆ ಎಲ್ಲಿಗೆ ಮುಗೀತದೆ ಅನ್ನೋದನ್ನು ಇಬ್ಬರೂ ರೋಗಿಗೆ ಹೇಳಲಿಲ್ಲ.

ಸರಿ ದಾರಿಯಲ್ಲಿ ಮಾಡೋಕೆ ಕೆಲಸವೇ ಇಲ್ಲ ಅಂತಲೂ ಅಲ್ಲ. ಭಗಂದರಕ್ಕೆ, ಅಂದರೆ ಫಿಸ್ಟುಲಾಕ್ಕೆ, ಆಯುರ್ವೇದದಲ್ಲಿ ಕ್ಷಾರಸೂತ್ರ ಅಂತ ಔಷಧಿ ಲೇಪಿಸಿದ ದಾರ ಕಟ್ಟುತ್ತಾರೆ. ಐಸಿಎಂಆರ್ ಇದನ್ನು ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿ ಹಲವು ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ವಾಸಿಯಾಗೋಕೆ ದಾರಕ್ಕೆ ಹೆಚ್ಚು ದಿನ ಬೇಕು, ಆದರೆ ಕಾಯಿಲೆ ಮರಳಿ ಬರೋದು ಕಡಿಮೆ ಅಂತ ಬಂತು. ಅಳೆದು ನೋಡಿದರು, ಒಳ್ಳೇದನ್ನೂ ಕೊರತೆಯನ್ನೂ ಎರಡನ್ನೂ ಬರೆದರು. ಇದನ್ನು ಚೆನ್ನಾಗಿ ಕಲಿತು ಮಾಡೋ ವೈದ್ಯ ಯಾರಿಗೂ ಎರಡನೇ ದರ್ಜೆಯವನಲ್ಲ. ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜಿಗೆ ಪಂಡಿತ ತಾರಾನಾಥರ ಹೆಸರಿದೆ. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಕಟ್ಟಿ ರೋಗಿಗಳನ್ನು ನೋಡಿದವರು ಅವರು. ಅಂಥ ಕಾಲೇಜಿನ ಸೀಟನ್ನು ಡಾಕ್ಟರ್ ಬೋರ್ಡು ಹಾಕೋಕೆ ಹಿತ್ತಲ ಬಾಗಿಲು ಅಂತ ಬಳಸೋದು ಆ ವಿದ್ಯೆಗೂ ಅವಮಾನ, ನಂಬಿ ಬಂದ ರೋಗಿಗೂ ಮೋಸ.

ಅಂದರೆ ನಾನು ಕೇಳಿದ ಪ್ರಶ್ನೆಯೇ ತಪ್ಪಿತ್ತು. ಹದಿನೆಂಟು ವರ್ಷದ ಹುಡುಗಿಗೆ ಇನ್ನೂ ಓದದ ಶಾಸ್ತ್ರದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಪಟ್ಟಿ ಮಾಡೋದು ತಪ್ಪಲ್ಲ. ಒಂದನೇದು, ಎರಡನೇದು ಅಂತ ಆಸೆಗೆ ಅನುಕ್ರಮ ಇರೋದೂ ತಪ್ಪಲ್ಲ. ಬಡವರ ಮಕ್ಕಳಿಗೆ ಒಂದೇ ಆಪ್ಷನ್ ಇಟ್ಕೊಂಡು ಕೂರೋ ಐಷಾರಾಮ ಇಲ್ಲ. ಆದರೆ ಪಟ್ಟಿಯಲ್ಲಿ ಒಂದು ಸಾಲು ಬರೆಯೋ ಮೊದಲು, ಇದೇ ಸಿಕ್ಕರೆ ನಾನು ಇದೇ ಆಗ್ತೀನಾ ಅಂತ ಕೇಳ್ಕೋಬೇಕು. ಇಲ್ಲ ಅಂದರೆ ಆ ಸಾಲು ಬರೀಬಾರದು.

ನನಗೂ ಅವಳಿಗೂ ಇರೋ ವ್ಯತ್ಯಾಸವೂ ಅಲ್ಲೇ ಇದೆ. ನಾನು ಮನಸ್ಸಿಲ್ಲದೆ ಬರೆದ ಕೋಡು ಕೆಟ್ಟರೆ ಟೆಸ್ಟಿಂಗ್ ಟೀಮು ಹಿಡೀತದೆ, ಅವರೂ ಬಿಟ್ಟರೆ ಹಿಂದಿನ ವರ್ಷನ್ ವಾಪಸ್ ಹಾಕ್ತೀವಿ. ಅಜ್ಜಿಗೆ ಹಿಂದಿನ ವರ್ಷನ್ ಇರಲಿಲ್ಲ.

ಬೆಳಿಗ್ಗೆ ಎದ್ದು ಅವಳಿಗೆ ಇಷ್ಟೂ ಹೇಳಲಿಲ್ಲ. ಅಜ್ಜಿಯ ವಿಷಯ ಮಾತ್ರ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ, ಆಗ ತೀರಾ ಸಣ್ಣವಳು. ಆಮೇಲೆ ಕೇಳಿದೆ: “ಬಿಎಎಂಎಸ್ ಸಿಕ್ತು ಅನ್ಕೋ. ಓದಿ ಇಲ್ಲೇ ಬಂದು ಕುಂತಿ. ಮೂರು ದಿನದ ಜ್ವರ, ದಮ್ಮು ಹತ್ತಿದ ಮುದುಕಿ ಬಂದಳು. ಮಂದಿ ಸೂಜಿ ಮಾಡ್ರಿ ಅಂತಾರ. ಮಾಡ್ಲಿಲ್ಲಂದ್ರ ನಾಳಿಂದ ನಿನ್ನ ಕಡಿ ಬರಂಗಿಲ್ಲ. ಏನ್ ಮಾಡ್ತಿ?”

ಬಹಳ ಹೊತ್ತು ಸುಮ್ಮನಿದ್ದಳು. “ಸೊಲ್ಲಾಪುರಕ್ಕ ಒಯ್ರಿ ಅಂತೀನಿ.”

“ಬೈತಾರ.”

“ಬೈಲಿ. ಜೀಪಿನಾಗ ನಾನೂ ಕುಂತು ಹೋಗ್ತೀನಿ.”

ನೋಟ್‌ಬುಕ್ ಒಳಗೆ ಒಯ್ದಳು. ಅರ್ಧ ಗಂಟೆ ಬಿಟ್ಟು ತಂದಾಗ ಎಂಬಿಬಿಎಸ್ ಪುಟ ಹಾಗೇ ಇತ್ತು. ಬಿಎಎಂಎಸ್ ಕೆಳಗೆ ಸರ್ಕಾರಿ ಕಾಲೇಜುಗಳು ಮಾತ್ರ ಉಳಿದಿದ್ದವು: ಬಳ್ಳಾರಿ, ಮೈಸೂರು, ಬೆಂಗಳೂರು. ಬಿಎಚ್‌ಎಂಎಸ್ ಸಾಲುಗಳಿಗೆಲ್ಲಾ ಗೀಟು ಎಳೆದಿದ್ದಳು.

“ಇದ್ಯಾಕ ಹೊಡದಿ?” ಅಂದೆ.

“ಅದು ಸಿಕ್ರ ನಾ ಅದನ್ನ ಮಾಡಂಗಿಲ್ಲ ಮಾಮಾ, ಗುಳಿಗಿನೇ ಬರೀತೀನಿ. ಅದ್ಕ ಬ್ಯಾಡ.”

ಹೋಮಿಯೋಪಥಿ ಓದುವವರು ಇದಕ್ಕೆ ಸಿಟ್ಟಾಗಬಾರದು. ಅವಳು ತನ್ನ ಮಾತು ಹೇಳಿದ್ದು, ಆ ಪದ್ಧತಿಯ ಮಾತಲ್ಲ.

ಅಕ್ಕ ರೊಟ್ಟಿ ಬಡೀತಿದ್ದಳು. ಎಷ್ಟೊಂದು ಹೊಡೆದು ಹಾಕ್ಯಾಳ, ಯಾವ್ದೂ ಸಿಗಲಿಲ್ಲಂದ್ರ ಏನ್ ಗತಿ ಅಂತ ಅಲ್ಲಿಂದಲೇ ಕೂಗಿದಳು. ಅವಳ ಭಯವೂ ಸುಳ್ಳಲ್ಲ. ಮೂರನೇ ಸಲ ಕೋಚಿಂಗಿಗೆ ಕಳಿಸುವಷ್ಟು ರೊಕ್ಕ ಆ ಮನೆಯಲ್ಲಿಲ್ಲ. ಪ್ರಾಮಾಣಿಕತೆಗೂ ಒಂದು ಬೆಲೆ ಇರ್ತದೆ, ಅದನ್ನು ಕಟ್ಟುವವರು ಬೆಂಗಳೂರಿನಿಂದ ಬಂದು ಉಪದೇಶ ಮಾಡಿದ ಮಾಮ ಅಲ್ಲ. ಆ ಮೂರನೇ ಸಲ ಬಂದರೆ ರೊಕ್ಕ ನನ್ನದು ಅಂತ ಅಕ್ಕನಿಗೆ ಹೇಳಿದೆ. ಹೇಳದೇ ಲ್ಯಾಪ್‌ಟಾಪು ತೆಗೆಯೋ ಮುಖ ನನಗಿರಲಿಲ್ಲ.

ಮನೆಯಲ್ಲಿ ಸಿಗ್ನಲ್ ಬರಲಿಲ್ಲ. ಮಾಳಿಗೆ ಮೇಲೆ ಹೋಗಿ, ಮೊಬೈಲಿನ ಹಾಟ್‌ಸ್ಪಾಟು ಹಾಕಿ, ಅವಳು ಒಂದೊಂದಾಗಿ ಹೇಳಿದಂಗೆ ನಾನು ಟೈಪ್ ಮಾಡಿದೆ. ಕೊನೆಗೆ ಲ್ಯಾಪ್‌ಟಾಪು ಅವಳ ಕಡೆ ತಿರುಗಿಸಿದೆ. ಸಬ್‌ಮಿಟ್ ಬಟನ್ ಅವಳೇ ಒತ್ತಿದಳು.